ಧರಣಿಯಣ್ಣ ನಿಂತ ದಿನ

ಲಾಂಡ್ರಿಯ ಆಡಳಿತದವರು ಇಸ್ತ್ರಿ ವಿಭಾಗಕ್ಕೆ ಹನ್ನೊಂದು ಸ್ಟೂಲು ಬಾಕಿ ಕೊಡಬೇಕಿತ್ತು. ಬಾಯಿಮಾತಿನ ಬಾಕಿಯಲ್ಲ. ಹೋದ ವರ್ಷದ ಒಪ್ಪಂದದಲ್ಲಿ ಸಹಿ, ಸೀಲು ಸಮೇತ ಬರೆದುಕೊಟ್ಟಿದ್ದ ಬಾಕಿ. ದಿನಕ್ಕೆ ಎಂಟು ಗಂಟೆ ನಿಂತು ಇಸ್ತ್ರಿ ಮಾಡುವ ಹನ್ನೊಂದು ಹೆಂಗಸರಿಗೆ ತಲಾ ಒಂದು ಎತ್ತರದ ಸ್ಟೂಲು. ವರ್ಷ ಕಳೆದರೂ ಒಂದೇ ಒಂದು ಸ್ಟೂಲಿನ ಕಾಲೂ ಒಳಗೆ ಬಂದಿರಲಿಲ್ಲ.

ಅದನ್ನು ವಸೂಲು ಮಾಡುವ ಹೊಣೆ ಸಂಘದ ಕಾರ್ಯದರ್ಶಿ ಧರಣಿಯಣ್ಣನದು. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತುಹೋಗುವಷ್ಟು ಧರಣಿ ಕೂತವನು ಅವನು. ಗೇಟಿನ ಮುಂದೆ ಕೂತಿದ್ದ, ನಡುರಸ್ತೆಯಲ್ಲಿ ಕೂತಿದ್ದ, ಒಮ್ಮೆ ಮಾಲೀಕನ ಕಾರಿನ ಮೇಲೂ ಕೂತಿದ್ದ. ಹೊಟ್ಟೆಪಾಡಿನ ಕೆಲಸ ಬಾಯ್ಲರ್ ನೋಡಿಕೊಳ್ಳುವುದು. ಅದೂ ಕೂತೇ. ಮರದ ಪೆಟ್ಟಿಗೆಯ ಮೇಲೆ ಕೂತು ಮೀಟರಿನ ಮುಳ್ಳು ನೋಡುತ್ತಾ ಇಪ್ಪತ್ತಾರು ವರ್ಷ ಸವೆಸಿದ್ದ. ಕೂರುವ ವಿದ್ಯೆಯಲ್ಲಿ ಅವನನ್ನು ಮೀರಿಸಿದವನು ಇನ್ನೂ ಹುಟ್ಟಿರಲಿಲ್ಲ.

ಹೊಸದಾಗಿ ಬಂದ ಮ್ಯಾನೇಜರು ನಯವಾದ ಮನುಷ್ಯ. ಸ್ಟೂಲು ಕೇಳಲು ಹೋದರೆ ಮೊದಲು ಟೀ ತರಿಸಿದರು. ಆಮೇಲೆ ಟೀವಿಯಲ್ಲಿ ಬರುವ ತಾಕತ್ತಿನ ಸ್ಪರ್ಧೆಯ ಮಾತು ತೆಗೆದರು. ಅಂಗೈ ಅಗಲದ ಹಲಗೆಯ ಮೇಲೆ ಹನ್ನೆರಡು ಜನ ನಿಲ್ಲುತ್ತಾರಂತೆ, ಕೊನೆಯವರೆಗೆ ನಿಂತವರಿಗೆ ಕಾರಂತೆ.

"ಅಲ್ಲಿ ಹತ್ತೊಂಬತ್ತು ಗಂಟೆ ನಿಲ್ತಾರೆ. ಇಲ್ಲಿ ಎಂಟು ಗಂಟೆಗೇ ಸ್ಟೂಲು ಬೇಕಾ? ನೀವೇ ಒಂದು ಶಿಫ್ಟು ಇಸ್ತ್ರಿ ಮೇಜಿನ ಮುಂದೆ ನಿಂತು ನೋಡಿ, ಅಣ್ಣಾವ್ರೇ. ಆಗ ಮಾತಾಡೋಣ."

ಲಾಠಿಗೆ ಬೆನ್ನು ಕೊಟ್ಟವನು, ಜೈಲಿನ ಅನ್ನ ಉಂಡವನು, ಒಂದು ಶಿಫ್ಟಿಗೆ ಹೆದರುತ್ತಾನೆಯೇ? ನಿಂತು ತೋರಿಸುವುದಾಗಿ ಧರಣಿಯಣ್ಣ ಎದೆ ತಟ್ಟಿ ಬಂದ. ಮೂರು ವಾರದ ವಾಯಿದೆಯಾಯಿತು.

ಅವತ್ತೇ ಸಂಜೆ ಟೀವಿ ಮುಂದೆ ಹಾಜರಾದ. ನಿಲ್ಲುವ ಸ್ಪರ್ಧೆಯನ್ನು ಮೊದಲ ದಿನ ಮಲಗಿಕೊಂಡೇ ನೋಡಿದ ಅನ್ನುವುದು ಬೇರೆ ಮಾತು. ಅವನಿಗೆ ಒಂದು ವಿಷಯ ವಿಪರೀತ ಸೋಜಿಗವಾಯಿತು. ಎಮ್ಮೆಕೋಣದಂತಿದ್ದ ಪೈಲ್ವಾನ ಮೂರನೇ ಗಂಟೆಗೆ ದೊಪ್ಪನೆ ಬಿದ್ದ. ಕಡ್ಡಿಯಂಥ ಒಬ್ಬ ನರ್ಸು ಕೊನೆಯವರೆಗೆ ನಿಂತಳು. ಯಾಕೆ? ಈ 'ಯಾಕೆ' ಅವನ ತಲೆಯೊಳಗೆ ಇರುವೆಯಂತೆ ಹರಿದಾಡತೊಡಗಿತು. ಸಂಘದ ನಡಾವಳಿ ಪುಸ್ತಕ ತೆಗೆದು ಸ್ಪರ್ಧೆಯ ಪಾಠಗಳನ್ನು ನಿರ್ಣಯಗಳಂತೆ ಬರೆದುಕೊಂಡ. ಮೊಣಕಾಲನ್ನು ಬಿಗಿ ಹಿಡಿಯತಕ್ಕದ್ದಲ್ಲ. ಗಡಿಯಾರ ನೋಡತಕ್ಕದ್ದಲ್ಲ. ಭಾರವನ್ನು ಆಗಾಗ ಕಾಲಿಂದ ಕಾಲಿಗೆ ವರ್ಗಾಯಿಸತಕ್ಕದ್ದು. ಸರ್ವಾನುಮತದಿಂದ ಅಂಗೀಕರಿಸಲಾಯಿತು.

ಮರುದಿನದಿಂದ ತಾಲೀಮು. ನಿಂತು ಟೀ ಕುಡಿದ, ನಿಂತು ಪೇಪರ್ ಓದಿದ, ನಿಂತು ಉಂಡ. ಕುರ್ಚಿ ಕಂಡರೆ ಕುಂಡೆ ತಾನಾಗಿ ಅತ್ತ ಎಳೆಯುತ್ತಿತ್ತು. ಈ ಆಮಿಷವನ್ನು ಬೇರುಸಹಿತ ಕೀಳಬೇಕೆಂದು ಮನೆಯ ನಾಲ್ಕೂ ಕುರ್ಚಿಗಳನ್ನು ಹೊತ್ತು ಪಕ್ಕದ ಮನೆಯ ಟೈಲರಿಗೆ ಕೊಟ್ಟು ಬಂದ. ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ. ಬಕೆಟ್ ಬೋರಲು ಹಾಕಿ, ಹಲಗೆಯ ಬದಲು ಅದರ ಮೇಲೆ ನಿಂತ. ಕಾಲು ನಡುಗಿದಾಗ ಕಿಟಕಿಯ ಪರದೆಗೆ ಕೈ ಹಾಕಿದ. ಪರದೆ, ಪರದೆಯ ಸರಳು, ಗೋಡೆಯ ಒಂದು ಮೊಳ ಗಾರೆ ಎಲ್ಲವೂ ಅವನ ಜೊತೆಗೆ ಇಳಿದವು.

ಆ ಹನ್ನೊಂದು ಹೆಂಗಸರಲ್ಲಿ ಅವನ ಹೆಂಡತಿಯೂ ಒಬ್ಬಳು. ಮೇಜಿನ ಮುಂದೆ ಎಂಟು ಗಂಟೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆ ನಿಂತು ಮನೆಗೆ ಬಂದವಳು, ಚಪ್ಪಲಿ ಬಿಟ್ಟು, ಅಭ್ಯಾಸಬಲದಿಂದ ಕುರ್ಚಿ ಇದ್ದ ಜಾಗದಲ್ಲಿ ಕೂರಲು ಹೋದಳು. ಗೋಡೆ ಹಿಡಿದು ಬಚಾವಾದಳು.

"ರೀ, ಕುರ್ಚಿ ಎಲ್ಲಿ?"

"ಟೈಲರ್ ಮನೇಲಿ. ನಿಮ್ಮ ಹೋರಾಟಕ್ಕೋಸ್ಕರವೇ ಕಣೇ."

ಅವಳು ಹೋಗಿ ಬೋರಲು ಬಕೆಟ್ ಮೇಲೆ ಕೂತಳು. ಅವನ ಭಾರಕ್ಕೆ ಆಗಲೇ ಬಿರುಕು ಬಿಟ್ಟಿದ್ದ ಬಕೆಟ್ಟು ಚಟ್ಟೆಂದು ಎರಡಾಯಿತು. ಅವತ್ತಿನಿಂದ ದಿನಾ ಸಂಜೆ ಪಕ್ಕದ ಮನೆಗೆ ಹೋಗಿ, ಟೈಲರನ ಅನುಮತಿ ಕೇಳಿ, ತನ್ನದೇ ಕುರ್ಚಿಯಲ್ಲಿ ಅರ್ಧ ಗಂಟೆ ಕೂತು ಬರುತ್ತಿದ್ದಳು. ನಾಲ್ಕು ಕುರ್ಚಿ ಸಿಕ್ಕ ಗತ್ತಿನಲ್ಲಿ ಟೈಲರನು ನೆಂಟರನ್ನೆಲ್ಲ ಕರೆಸಿಕೊಳ್ಳತೊಡಗಿದ್ದರಿಂದ, ಕೆಲವು ದಿನ ಅಲ್ಲೂ ಜಾಗವಿರುತ್ತಿರಲಿಲ್ಲ.

ಒಮ್ಮೆ ಅವಳನ್ನೇ ಕೇಳಿದ, ಅಷ್ಟು ಸಣ್ಣ ನರ್ಸು ಪೈಲ್ವಾನನನ್ನು ಹೇಗೆ ಸೋಲಿಸಿದಳೆಂದು.

"ಆಸ್ಪತ್ರೆಲಿ ಅವಳನ್ನ ಯಾರು ಕೂರೋಕೆ ಬಿಟ್ಟಿದಾರೆ?" ಎಂದಳು.

ಅದನ್ನೂ ನಡಾವಳಿಯಲ್ಲಿ ಬರೆದುಕೊಂಡ. ಬರೆದುಕೊಂಡನೇ ಹೊರತು ತಲೆಗೆ ಹೋಗಲಿಲ್ಲ.

ಆ ದಿನ ಬಂತು. ಧರಣಿಯಣ್ಣ ಹೆಂಡತಿಯ ಪಕ್ಕದ ಮೇಜಿನ ಮುಂದೆ ದಿಂಬಿನ ಚೀಲಗಳ ರಾಶಿಗೆ ಎದುರಾಗಿ ಸೇನಾಪತಿಯಂತೆ ನಿಂತ. ಮೊದಲ ಗಂಟೆಯಲ್ಲೇ ಅವನ ಕುತೂಹಲದ ಕಣ್ಣು ಎಲ್ಲ ಮೇಜುಗಳ ಕೆಳಗೆ ಹೋಯಿತು. ಹನ್ನೊಂದು ಮೇಜಿನ ಅಡಿಪಟ್ಟಿಯಲ್ಲೂ ಒಂದೇ ಕಡೆ ಬಣ್ಣ ಸವೆದು ಕಬ್ಬಿಣ ಹೊಳೆಯುತ್ತಿತ್ತು. ಒಂದೊಂದೇ ಕಾಲನ್ನು ಸರದಿಯಂತೆ ಅಲ್ಲಿ ಇಟ್ಟು ಇಟ್ಟು ಆದ ಸವೆತ. ಹೆಂಗಸರ ಹಿಮ್ಮಡಿಯ ಕೆಳಗೆ ಹಳೆ ಟವೆಲ್ಲಿನ ಮಡಿಕೆ. ಟೀವಿ ನೋಡಿ ಅವನು ಬರೆದುಕೊಂಡ ಒಂದೊಂದು ಪಾಠವೂ ಇಲ್ಲಿ ಯಾವತ್ತೋ ಜಾರಿಯಲ್ಲಿತ್ತು!

ಗಂಟೆಗೊಮ್ಮೆ ಗುಮಾಸ್ತ ಬಂದು ಹೇಗಿದ್ದೀರಿ ಎಂದು ಕೇಳುತ್ತಿದ್ದ. ಬಂಡೆ ಇದ್ದ ಹಾಗೆ ಇದ್ದೇನೆ ಎಂದು ಇವನು ಗುಡುಗುತ್ತಿದ್ದ. ಗುಮಾಸ್ತ ಬರೆದುಕೊಂಡು ಹೋಗುತ್ತಿದ್ದ. ಮೂರನೇ ಸಲಕ್ಕೆ ಹೆಂಡತಿಯ ಕೈಯ ಇಸ್ತ್ರಿಪೆಟ್ಟಿಗೆ ಗಾಳಿಯಲ್ಲೇ ನಿಂತಿತು. ಊಟದ ಹೊತ್ತಿಗೆ ಹೆಂಗಸರೆಲ್ಲ ಬಟ್ಟೆಯ ಮೂಟೆಗಳ ಮೇಲೆ ಕುಸಿದರು. ಇವನು ನಿಂತೇ ಡಬ್ಬಿ ಬಿಚ್ಚಿದ. ಅವಳು ಹತ್ತಿರ ಬಂದಳು.

"ಅವನು ಏನು ಬರ್ಕೊಳ್ತಿದಾನೆ ಗೊತ್ತಾ ನಿಮಗೆ?"

"ನನ್ನ ಸಾಧನೆ."

"ದಿನಾ ಕೂತು ಕೆಲಸ ಮಾಡೋ ಬಾಯ್ಲರಿನವನೇ ಎಂಟು ಗಂಟೆ ನಿಂತ ಅಂತಾದ್ರೆ ನಮಗ್ಯಾಕ್ರೀ ಸ್ಟೂಲು? ನೀವು ಗೆದ್ರೆ ನಾವು ಸೋತ್ವಿ."

ಧರಣಿಯಣ್ಣ ಡಬ್ಬಿ ಮುಚ್ಚಿದ. ಮೂರು ವಾರ, ನಾಲ್ಕು ಕುರ್ಚಿ, ಒಂದು ಬಕೆಟ್, ಒಂದು ಮೊಳ ಗಾರೆ. ಇಷ್ಟನ್ನೂ ಸುರಿದು ತಾನು ತಯಾರಾಗಿದ್ದು ಮ್ಯಾನೇಜರನ ಪರವಾಗಿ!

ಎರಡು ಗಂಟೆಗೆ ಕೂತುಬಿಡುವುದೆಂದು ನಿಶ್ಚಯಿಸಿದ. ಎರಡಕ್ಕೆ ಸರಿಯಾಗಿ ಒಗೆಯುವ ವಿಭಾಗದವರು ನೋಡಲು ಬಂದು ಚಪ್ಪಾಳೆ ತಟ್ಟಿದರು. ಅವರ ಮುಂದೆ ಹೇಗೆ ಕೂರುವುದು? ಮೂರಕ್ಕೆ ಎಂದುಕೊಂಡ. ಮೂರಕ್ಕೆ ವ್ಯಾನ್ ಡ್ರೈವರುಗಳು ಬಂದರು, ಒಬ್ಬ ಸಿಳ್ಳೆಯನ್ನೂ ಹೊಡೆದ. ನಾಲ್ಕೂ ಆಯಿತು. ಜನ್ಮದಲ್ಲಿ ಮೊದಲ ಬಾರಿಗೆ ಧರಣಿಯಣ್ಣನಿಗೆ ಕೂರುವುದು ಕಷ್ಟವಾಗಿತ್ತು. ಹನ್ನೊಂದು ಜೊತೆ ಕಣ್ಣುಗಳು ಅವನನ್ನು ಸುಡುತ್ತಿದ್ದವು. ಶಿಫ್ಟು ಮುಗಿಯಲು ಕಾಲು ಗಂಟೆ ಇದ್ದಾಗ ಹೆಂಡತಿ ತಲೆ ಎತ್ತದೆ, ಅಂಗಿಯ ಕಾಲರಿನ ಮೇಲೆ ಇಸ್ತ್ರಿ ಒತ್ತುತ್ತಲೇ ಹೇಳಿದಳು:

"ಯಾರ್ಯಾರಿಗೋಸ್ಕರವೋ ರೋಡಲ್ಲಿ ಕೂತಿದೀರಿ. ನನಗೋಸ್ಕರ ಒಂದು ಸಲ ಕೂತ್ಕೊಳ್ಳಿ."

ಅವನು ಕೂರಲು ಹೊರಟ. ಹತ್ತಿರ ಹತ್ತಿರ ಎಂಟು ಗಂಟೆ ನಿಂತ ಮೊಣಕಾಲುಗಳು ಮಡಚಲು ಸಾರಾಸಗಟಾಗಿ ನಿರಾಕರಿಸಿದವು. ಕೈ ಮೇಜು ಹುಡುಕಿ ಗಂಜಿನೀರಿನ ಬೇಸಿನ್ ಹಿಡಿಯಿತು. ಕಾರ್ಯದರ್ಶಿ, ಬೇಸಿನ್, ನೂರಿಪ್ಪತ್ತು ದಿಂಬಿನ ಚೀಲ ಒಟ್ಟಿಗೇ ನೆಲ ಸೇರಿದವು. ಅವನನ್ನು ಮೂಟೆಯಂತೆ ಆಟೋಗೆ ಹಾಕಿ ಮನೆಗೆ ಸಾಗಿಸಿದಾಗ ಗಂಜಿ ಒಣಗಿ, ಅಂಗಿ ಹಲಗೆಯಾಗಿತ್ತು. ಆದರೂ ಹಲ್ಲು ಕಿರಿಯುತ್ತಿದ್ದ. ಬಿದ್ದು ಗೆದ್ದ ಮೊದಲ ಹೋರಾಟಗಾರ ತಾನೇ ಎಂದು ದಾರಿಯುದ್ದಕ್ಕೂ ಹೇಳಿದ.

ಎರಡು ದಿನ ಬಿಟ್ಟು ಸ್ಟೂಲು ಬಂತು. ಒಂದು. ಮೆತ್ತೆ ಹೊಲಿದದ್ದು. ಬಾಯ್ಲರ್ ಮನೆಗೆ. ಜೊತೆಗೊಂದು ಪತ್ರ. ಧರಣಿಯಣ್ಣ ಅದನ್ನು ಹೆಂಗಸರ ಮುಂದೆ ತಾನೇ ಓದಬೇಕಾಯಿತು. ಕಾರ್ಯದರ್ಶಿಯವರ ಅಶಕ್ತತೆಯನ್ನು ಆಡಳಿತ ಕಣ್ಣಾರೆ ಕಂಡು ಮರುಗಿದೆ, ಆದ್ದರಿಂದ ಅವರಿಗೆ ಸ್ಟೂಲು ಮಂಜೂರಾಗಿದೆ. ಅದೇ ದಿನ, ಅದೇ ಕೋಣೆಯಲ್ಲಿ, ಅದೇ ಎಂಟು ಗಂಟೆ ಹನ್ನೊಂದು ಮಹಿಳೆಯರು ನಿಂತಿದ್ದು ಒಬ್ಬರೂ ಬಿದ್ದಿಲ್ಲವೆಂದು ಗುಮಾಸ್ತರು ದಾಖಲಿಸಿರುವುದರಿಂದ ಅವರಿಗೆ ಅಗತ್ಯ ಕಂಡುಬರುವುದಿಲ್ಲ.

ಹೆಂಡತಿ ಪತ್ರ ಈಸಿಕೊಂಡು ಇನ್ನೊಮ್ಮೆ ಓದಿದಳು.

"ನಾವು ಬೀಳೋದು ಕಲೀಬೇಕಿತ್ತು ಕಣ್ರೀ. ನೀವು ನೋಡಿದ ಟೀವಿಲಿ ಅದನ್ನ ಯಾರೂ ಹೇಳ್ಕೊಡಲಿಲ್ವಾ?"

ಓದುತ್ತಿರುವವರೇ, ನೀವು ಕೂತು ಓದುತ್ತಿದ್ದೀರಿ. ಸಂತೋಷ. ನಾಳೆ ಬಟ್ಟೆ ತರಲು ಹೋದಾಗ ಕೌಂಟರಿನಾಚೆ ಇಣುಕಿ ನೋಡಿ. ನಿಂತವರ ಹತ್ತಿರ ಕೂರಲು ಏನೂ ಕಾಣದಿದ್ದರೆ, ಬಟ್ಟೆ ಆಮೇಲೆ ತೆಗೆದುಕೊಳ್ಳಿ. ಮೊದಲು ಮ್ಯಾನೇಜರನ್ನು ಹೊರಗೆ ಕರೆಸಿ, ಎಲ್ಲರಿಗೂ ಕೇಳುವ ಹಾಗೆ ಕೇಳಿ: ಇವರು ಕೂರುವುದು ಎಲ್ಲಿ?