ಕಾಕಾ ಮಲಗಿದ ಮೇಲೆಯೇ ಟಾಸ್

ಕಬಡ್ಡಿ ಆಡದೆ, ಕಲಿಸದೆ, ಕಡೆಗೆ ಕಣ್ಣು ಬಿಟ್ಟು ನೋಡದೆಯೂ ಒಂದು ಕಾಲೇಜು ತಂಡವನ್ನು ವಿಶ್ವವಿದ್ಯಾಲಯದ ಫೈನಲ್‌ಗೆ ಮುಟ್ಟಿಸಿದವರು ಇಡೀ ಹೈದರಾಬಾದಿನಲ್ಲಿ ಒಬ್ಬರೇ. ಅವರು ನಮ್ಮ ಕಾಕಾ! ಅವರು ಮಾಡಿದ್ದೇನು ಎಂದಿರಾ? ನಿದ್ದೆ.

ಕಾಕಾರ ಹೆಂಡತಿ, ನಮ್ಮ ಕಾಕು ಬದುಕಿದ್ದಾಗ, ದಿಂಬಿಗೆ ತಲೆ ಕೊಟ್ಟ ಮೇಲೆಯೇ ಆಕೆಯ ಮಾತು ಶುರುವಾಗುತ್ತಿತ್ತು. ಸುಲ್ತಾನ್ ಬಜಾರಿನ ಸೀರೆ, ರಾಯಚೂರಿನ ತವರು, ಎದುರುಮನೆಯ ಸೊಸೆ, ಎಲ್ಲವೂ ಆ ಹೊತ್ತಿಗೇ ನೆನಪಾಗಬೇಕು. ಅದನ್ನು ಕೇಳುತ್ತ ಕೇಳುತ್ತಲೇ ಕಾಕಾ ನಿದ್ದೆಹೋಗುತ್ತಿದ್ದರು. ಕಾಕು ತೀರಿಕೊಂಡಳು. ಮನೆ ಗಪ್ಪಾಯಿತು, ಕಾಕಾರ ನಿದ್ದೆ ಹಾರಿಹೋಯಿತು. ಗಸಗಸೆ ಪಾಯಸ, ಅಂಗಾಲಿಗೆ ಎಣ್ಣೆ, ಡಾಕ್ಟರರ ಗುಳಿಗೆ ಯಾವುದೂ ನಾಟಲಿಲ್ಲ. ಅವರ ಜೊತೆಗಿರುವ ನಾನು ಗಚ್ಚಿಬೌಲಿಯ ಆಫೀಸಿನಲ್ಲಿ ತೂಕಡಿಸತೊಡಗಿದೆನೇ ಹೊರತು ಅವರು ಮಾತ್ರ ರೆಪ್ಪೆ ಮುಚ್ಚಲಿಲ್ಲ!

ಒಂದು ಸಂಜೆ ತಿರುಗಾಡಲು ಹೋದವರು ನಮ್ಮ ಮನೆಯ ಹಿಂದಿನ ವಿಶ್ವವಿದ್ಯಾಲಯದ ಮೈದಾನದಲ್ಲಿ ಕುರ್ಚಿ ಸಿಕ್ಕಿತೆಂದು ಕೂತರು. ಬೇವಿನ ಮರದಡಿ ಕಾಲೇಜು ಹುಡುಗಿಯರ ಕಬಡ್ಡಿ ಪಂದ್ಯ ನಡೆದಿತ್ತು. ಇಳಿಬಿಸಿಲು, ತೇಲುವ ಕೆಂಪು ಧೂಳು, ಬಿಡುವಿಲ್ಲದ "ಕಬಡ್ಡಿ ಕಬಡ್ಡಿ". ಕಾಕಾ ಬಾಯಿ ತೆರೆದುಕೊಂಡು ಮಲಗಿಬಿಟ್ಟರು. ಗೆಲುವಿನ ಮುಖವನ್ನೇ ಕಾಣದ ತಂಡವೊಂದು ಅಂದು ಗೆದ್ದುಬಿಟ್ಟಿತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು! ಹುಡುಗಿಯರು ಮಾತ್ರ ಅದು ಕಾಕಾರ ನಿದ್ದೆಯ ಗುಣವೆಂದೇ ನಂಬಿಬಿಟ್ಟರು.

ಮುಂದಿನ ಪಂದ್ಯಕ್ಕೆ ತಂಡದ ನಾಯಕಿಯೇ ಯಾರದೋ ಸ್ಕೂಟಿ ತಂದು ಬಾಗಿಲಿಗೆ ನಿಲ್ಲಿಸಿದಳು. ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳು.

"ಕಾಕಾ, ಇವತ್ತ ಮ್ಯಾಚ್ ಐತ್ರಿ. ಬಂದು ಮಲಗ್ರಿ!"

"ಉಂಡು ಬರ್ಲ್ಯೋ, ಹಂಗೇ ಬರ್ಲ್ಯೋ?"

"ಹೊಟ್ಟಿ ತುಂಬ ಉಂಡೇ ಬರ್ರಿ. ಎದುರಿನ ಟೀಮ್ ಭಾಳ ಜೋರೈತಿ!"

ಅವರ ಪಿಟಿ ಮೇಡಂ ಅಂತೂ "ಅಂಕಲ್ ಸೋ ಗಯೇ ಕ್ಯಾ?" ಎಂದು ಕಾಕಾ ಮಲಗಿದರೋ ಇಲ್ಲವೋ ವಿಚಾರಿಸಿ, ಗೊರಕೆ ಕಿವಿಗೆ ಬಿದ್ದ ಮೇಲೆಯೇ ಹುಡುಗಿಯರನ್ನು ಟಾಸಿಗೆ ಕಳಿಸುತ್ತಿದ್ದರು.

ಎಚ್ಚರವಾದ ಮೇಲೆ ಕಾಕಾ ತಾವು ಕಂಡ ಪಂದ್ಯವನ್ನು ನನಗೆ ಬಣ್ಣಿಸುತ್ತಿದ್ದರು.

"ನಿಮ್ಮ ಕಾಕು ರೇಡಿಗೆ ಹೋಗಿದ್ಲವಾ. ಏಳೂ ಮಂದೀನ ಬರೇ ಮಾತಾಡ್ಸೇ ಔಟ್ ಮಾಡಿ ಬಂದ್ಲು!"

"ದಮ್ಮು ಹಿಡದಿದ್ಲೇನ್ರಿ ಕಾಕಾ?"

"ಆಕೀ ದಮ್ಮು ಯಾವಾಗ ಮುಗದಿತ್ತು?"

ಹೀಗೆನ್ನುವಾಗ ಅವರ ಕಣ್ಣಲ್ಲಿ ಅರ್ಧ ಕನಸು ಇನ್ನೂ ಉಳಿದಿರುತ್ತಿತ್ತು. ನಾನು ನಿಜವಾದ ಸ್ಕೋರು ಹೇಳಲು ಹೋಗುತ್ತಿರಲಿಲ್ಲ.

ಫೈನಲ್ ದಿನ ಎದುರಾಳಿ ಕಾಲೇಜಿನವರು ಗುಟ್ಟು ತಿಳಿದುಕೊಂಡು, ಮದುವೆ ಮೆರವಣಿಗೆಯಲ್ಲಿ ಬಾರಿಸುವ ಮರ್ಫಾ ವಾದ್ಯದವರನ್ನು ಕರೆತಂದು ಕಾಕಾರ ಕಿವಿಯ ಬಳಿಯೇ ನಿಲ್ಲಿಸಿದರು. ಎಂಥ ದಡ್ಡರು! ಸದ್ದು ಏರಿದಷ್ಟೂ ನಿದ್ದೆ ಗಾಢವಾಯಿತು. ಅಂಕಗಳು ಸಮವಾದವು. ಕೊನೆಯ ರೇಡಿಗೆ ನಾಯಕಿ ಹೊರಟಳು. ಆಗ ಮರ್ಫಾದವರೂ ಬಾರಿಸುವುದನ್ನು ಮರೆತು ನೋಡತೊಡಗಿದರು. ಮೈದಾನಕ್ಕೆ ಮೈದಾನವೇ ಉಸಿರು ಬಿಗಿಹಿಡಿಯಿತು. ಅವಳ ದಮ್ಮು ದೂರದ ಕಾಕಾರ ಕಿವಿಗೆ ಮುಟ್ಟಲಿಲ್ಲ; ಥೇಟ್ ನಮ್ಮ ಮನೆಯ ರಾತ್ರಿಯಂಥ ಮೌನ! ಕಾಕಾ ಬೆಚ್ಚಿಬಿದ್ದು ಎದ್ದು "ಏನಾತು?" ಎಂದು ಕೂಗಿದರು. ಹುಡುಗಿ ತಿರುಗಿ ನೋಡಿದಳು. ದಮ್ಮು ಕಡಿಯಿತು, ತಂಡ ಸೋತಿತು.

ಅಂದಿನಿಂದ ಕಾಕಾ ಮೈದಾನದತ್ತ ಸುಳಿಯಲಿಲ್ಲ. "ಕೂಸುಗಳು ನನ್ನಿಂದ ಸೋತ್ವು" ಎಂದು ಒಂದೇ ಕೊರಗು. ಮತ್ತೆ ನಿದ್ದೆಯಿಲ್ಲ, ಊಟವೂ ಅಷ್ಟಕ್ಕಷ್ಟೇ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಕಾಕಾ ಯಾಕೆ ಬರುತ್ತಿಲ್ಲವೆಂದು ನಾಯಕಿ ಫೋನಿನಲ್ಲಿ ಕೇಳಿದಾಗ ಇದ್ದದ್ದನ್ನೆಲ್ಲ ಹೇಳಿಬಿಟ್ಟೆ, ಕಾಕುವಿನ ಮಾತಿನ ಸಂಗತಿಯನ್ನೂ.

ಭಾನುವಾರ ಮಧ್ಯಾಹ್ನ ಬಾಗಿಲು ತೆರೆದರೆ ಇಡೀ ತಂಡ! ಜಗಳಕ್ಕೇ ಬಂದರೆಂದುಕೊಂಡ ಕಾಕಾ ಎದ್ದು ಕೈಮುಗಿದರು.

"ತಪ್ಪಾತವಾ."

"ಅಯ್ಯ, ಕೈ ಇಳಸ್ರಿ ಕಾಕಾ!" ಎಂದಳು ನಾಯಕಿ. "ಮಲಗಾಕ ಯಾಕ ಬರವಲ್ರಿ?"

"ಇನ್ನ ಯಾವ ಮ್ಯಾಚ್ ಐತಿ? ಎಲ್ಲಾ ಮುಗೀತಲ್ಲ."

"ಮ್ಯಾಚ್ ಮುಗೀತ್ರಿ. ನಿಮಗ ನಿದ್ದಿ ಬ್ಯಾಡೇನು?"

ಅವರನ್ನು ದಿವಾನದ ಮೇಲೆ ಮಲಗಿಸಿ ಹುಡುಗಿಯರು ಸುತ್ತ ನೆಲದ ಮೇಲೆ ಕೂತರು. ನಾಯಕಿ ಕಣ್ಣು ಮುಚ್ಚಿ, ಮೆಲುದನಿಯಲ್ಲಿ "ಕಬಡ್ಡಿ ಕಬಡ್ಡಿ ಕಬಡ್ಡಿ" ಎಂದು ಶುರುಮಾಡಿದಳು. ಕಾಕಾರ ರೆಪ್ಪೆ ಮೆಲ್ಲಗೆ ಇಳಿಯಿತು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಹೊರಗಿನ ಕೋಣೆಯಲ್ಲಿ ನಾಯಕಿಯ ದಮ್ಮು ಮುಗಿಯುತ್ತ ಬಂದಿತ್ತು. ಅದು ಕಡಿಯುವ ಮೊದಲೇ ಪಕ್ಕದ ಹುಡುಗಿ ಎತ್ತಿಕೊಂಡಳು.