ಒಬ್ಬರಿಗೆ ಸ್ವಲ್ಪ ಹೊಟ್ಟೆ ಸರಿಯಿಲ್ಲ

ಆ ದಿನದ ಅವಾಂತರಕ್ಕೆಲ್ಲ ಕಾರಣ ಡಾಕ್ಟರು ಬೆಳಿಗ್ಗೆ ಏಳು ಗಂಟೆಗೆ ಬರೆದ ಒಂದೇ ಒಂದು ಸಾಲು: "ತಂಡದಲ್ಲಿ ಒಬ್ಬರಿಗೆ ಸ್ವಲ್ಪ ಹೊಟ್ಟೆ ಸರಿಯಿಲ್ಲ. ಗಾಬರಿಪಡಬೇಕಾದ್ದೇನೂ ಇಲ್ಲ."

ಕಡಲಾಚೆಯ ಆ ಗುಡ್ಡದೂರಿಗೆ ಶಾಲೆಯ ಕೋಣೆಯೊಂದನ್ನು ಕಟ್ಟಿಕೊಡಲು ಹದಿನೆಂಟು ಮಂದಿ ಹುಡುಗ ಹುಡುಗಿಯರು ಬಂದಿದ್ದರು. ಅವರ ಆರೋಗ್ಯದ ವರದಿಯನ್ನು ದಿನವೂ ಮನೆಯವರಿಗೆ ಕಳಿಸುವುದು ಡಾಕ್ಟರ ಕೆಲಸ. ಹನ್ನೆರಡು ದಿನ "ಎಲ್ಲರೂ ಕ್ಷೇಮ" ಎಂದು ಬರೆದಿದ್ದರು. ಹದಿಮೂರನೆಯ ದಿನ ಇದ್ದದ್ದನ್ನು ಇದ್ದ ಹಾಗೆ ಬರೆದರು, ರೋಗಿಯ ಹೆಸರೊಂದನ್ನು ಬಿಟ್ಟು. ರೋಗಿಯ ಗುಟ್ಟು ಕಾಪಾಡುವುದು ವೈದ್ಯನ ಧರ್ಮ. ಜೊತೆಗೆ, ಆ ರೋಗಿ ಸ್ವತಃ ಡಾಕ್ಟರೇ ಆಗಿದ್ದರು.

ಒಪ್ಪಿಕೊಳ್ಳಬಹುದಿತ್ತಲ್ಲ ಎಂದರೆ, ಅಲ್ಲೇ ಇತ್ತು ತೊಡಕು. ಬಂದಿಳಿದ ದಿನವೇ ಡಾಕ್ಟರು ಬಣ್ಣಬಣ್ಣದ ಚಿತ್ರಪಟ ನೇತುಹಾಕಿ ಕುದಿಸಿದ ನೀರಿನ ಮಹಿಮೆಯನ್ನು ಒಂದು ಗಂಟೆ ಕೊರೆದಿದ್ದರು. "ಕುದಿಸದ ನೀರನ್ನ ಒಂದು ಗುಟುಕು ಕುಡಿದ್ರೂ ಸರಿ, ಮಾರನೇ ದಿನದ ಬಸ್ಸಿಗೆ ಹತ್ತಿಸ್ತೀನಿ!" ಎಂದು ಮೇಜು ಕುಟ್ಟಿದ್ದರು. ಆಶ್ಚರ್ಯವೆಂದರೆ ಹುಡುಗರು ಕೇಳಿದರು! ತಾಯ್ನಾಡಿನಲ್ಲಿ ಡಾಕ್ಟರದ್ದು ಮಕ್ಕಳ ದವಾಖಾನೆ. ಅಲ್ಲಿ ತಾಯಂದಿರು ಅವರ ಮಾತಿಗೆಲ್ಲ ತಲೆಯಾಡಿಸಿ, ಹೊರಗೆ ಬಂದು ಕಾಂಪೌಂಡರನನ್ನು "ಅವ್ರು ಹೇಳಿದ್ದು ಹಾಗಿರ್ಲಿ, ನೀವೇನಂತೀರಾ?" ಎಂದು ಕೇಳುತ್ತಿದ್ದರು. ಮನೆಯಲ್ಲಂತೂ ಅವರ ಮಾತನ್ನು ಗೋಡೆ ಗಡಿಯಾರವೂ ಕೇಳುತ್ತಿರಲಿಲ್ಲ. ಇಲ್ಲಿ ಹದಿನೆಂಟು ಜನ ಹಲ್ಲುಜ್ಜುವ ನೀರನ್ನೂ ಕುದಿಸುತ್ತಿದ್ದರು. ಡಾಕ್ಟರು ಎದುರಿಗೆ ಬಂದರೆ ಸಾಕು, ಸುಮ್ಮನೆ ಹೋಗಿ ಕೈ ತೊಳೆದುಕೊಂಡು ಬರುತ್ತಿದ್ದರು. ಐವತ್ತೆಂಟನೆಯ ವಯಸ್ಸಿಗೆ ಸಿಕ್ಕ ಈ ಮರ್ಯಾದೆಯನ್ನು ಕಳೆದುಕೊಳ್ಳಲು ಅವರಿಗೆ ಸುತರಾಂ ಇಷ್ಟವಿರಲಿಲ್ಲ.

ಹಿಂದಿನ ಮಧ್ಯಾಹ್ನ ಗುಡ್ಡ ಹತ್ತುವಾಗ ಅವರ ಬಾಟಲಿಯ ನೀರು ಹೊಗೆಯ ವಾಸನೆ ಹೊಡೆಯುತ್ತಿತ್ತು. ಪಕ್ಕದಲ್ಲೇ ತಣ್ಣನೆಯ ತೊರೆ. ಡಾಕ್ಟರು ಅತ್ತ ನೋಡಿದರು, ಇತ್ತ ನೋಡಿದರು, ಎರಡು ಬೊಗಸೆ ಕುಡಿದರು. ನಿಜ ಹೇಳಬೇಕೆಂದರೆ ಮೂರು.

ಬೆಳಿಗ್ಗೆ ಏಳೂವರೆಗೆ ಮೊದಲ ಕರೆ ಬಂತು. ಶಿಬಿರಕ್ಕೆಲ್ಲ ಇದ್ದದ್ದು ಒಂದೇ ಫೋನು, ಅದು ತಂಡದ ಮುಖ್ಯಸ್ಥೆಯ ವಶದಲ್ಲಿತ್ತು. ಆಕೆ ನಿವೃತ್ತ ವ್ಯಾಯಾಮ ಶಿಕ್ಷಕಿ. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಹುಡುಗರ ಬಾಯಲ್ಲಿ ಸೀಟಿ ಮೇಡಂ ಆಗಿದ್ದರು.

"ಡಾಕ್ಟ್ರೇ, ಅದು ನನ್ನ ಮಗ ತಾನೆ?" ಎಂದಿತು ತಾಯಿಯೊಬ್ಬರ ಧ್ವನಿ.

"ಅಲ್ಲಮ್ಮ, ಖಂಡಿತ ಅಲ್ಲ."

"ನೀವು ಅಲ್ಲ ಅಂದ ರೀತೀಲೇ ಗೊತ್ತಾಯ್ತು ಬಿಡಿ."

ಎರಡನೆಯ ತಾಯಿಗೂ ಡಾಕ್ಟರು ಅಲ್ಲ ಎಂದರು. ಮೂರನೆಯವರಿಗೂ ಅಲ್ಲ ಎಂದರು. ಹತ್ತು ಗಂಟೆಯ ಹೊತ್ತಿಗೆ ಹದಿನೆಂಟು ತಾಯಂದಿರಿಗೂ ಹದಿನೆಂಟು ಸಲ ಅಲ್ಲ ಎಂದು, ಅಬ್ಬಾ ಮುಗಿಯಿತು ಎಂದು ಕೂತರು. ತಾಯಂದಿರಿಗೆಲ್ಲ ಫೋನಿನಲ್ಲಿ ಒಂದು ಗುಂಪಿದೆಯೆಂಬುದು ಅವರಿಗೆ ಹೊಳೆದಿರಲಿಲ್ಲ. ಅವರೆಲ್ಲ ಅಲ್ಲಿ ಕೂಡಿ ಲೆಕ್ಕ ಹಾಕಿದರು. ಇರುವವರು ಹದಿನೆಂಟು ಜನ, ಹದಿನೆಂಟೂ ಅಲ್ಲ, ಆದರೂ ಒಬ್ಬರಿಗೆ ಹೊಟ್ಟೆ ಸರಿಯಿಲ್ಲ. ಅಂದಮೇಲೆ ಡಾಕ್ಟರು ಸುಳ್ಳು ಹೇಳುತ್ತಿದ್ದಾರೆ. ಡಾಕ್ಟರೇ ಸುಳ್ಳು ಹೇಳಬೇಕಾದರೆ ಕಾಯಿಲೆ ಚಿಲ್ಲರೆಯದಲ್ಲ!

ಹನ್ನೊಂದಕ್ಕೆ ಸೀಟಿ ಮೇಡಂ ಓಡಿಬಂದರು. "ಡಾಕ್ಟ್ರೇ, ಕೇಂದ್ರ ಕಚೇರಿಯಿಂದ ಫೋನು. ನಾಲ್ಕು ಗಂಟೆಯೊಳಗೆ ಅದು ಯಾರು ಅಂತ ಹೇಳಿ ತಾಯಂದಿರನ್ನ ಸಮಾಧಾನ ಮಾಡ್ದೇ ಇದ್ರೆ ಎಲ್ಲರನ್ನೂ ವಾಪಸ್ ಕರೆಸ್ಕೋತಾರಂತೆ. ನಾಳೆ ಬೆಳಿಗ್ಗೆ ಬಸ್ಸು. ಚಾವಣಿ ಒಂದೇ ಬಾಕಿ ಇರೋದು ಕಣ್ರೀ!"

ಹುಡುಗರೂ ರೊಚ್ಚಿಗೆದ್ದಿದ್ದರು. ಎಲ್ಲರಿಗಿಂತ ಉದ್ದನೆಯ ಹುಡುಗ, ಅಡ್ಡಹೆಸರು ಕಂಬ, ಏಣಿಯಿಂದ ಮೂರು ಸಲ ಇಳಿದು ಬಂದು ತಾಯಿಗೆ "ಹೊಟ್ಟೆ ಸರಿ ಇದೆ ಅಮ್ಮಾ" ಎಂದು ಆಣೆ ಮಾಡಿದ್ದ. ಪಟಾಕಿ ಎಂದು ಕರೆಸಿಕೊಳ್ಳುತ್ತಿದ್ದ ಹುಡುಗಿ ಡಾಕ್ಟರ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಸಾರ್, ಯಾರು ಅಂತ ಹೇಳ್ಬಿಡಿ. ಒಬ್ಬರ ನಾಲಿಗೆ ಚಪಲಕ್ಕೆ ನಾವೆಲ್ಲ ಯಾಕೆ ವಾಪಸ್ ಹೋಗ್ಬೇಕು?"

"ಗುಟ್ಟು ಬಿಟ್ಟುಕೊಡೋ ಹಾಗಿಲ್ಲಮ್ಮ," ಎಂದರು ಡಾಕ್ಟರು. ಹೊಟ್ಟೆಯೊಳಗೆ ಗುಡುಗಿತು.

"ನೀವು ಹೇಳ್ಬೇಡಿ. ನಾವೇ ಹಿಡೀತೀವಿ."

ಹಿಡಿಯುವ ಉಪಾಯವೂ ಅವಳದ್ದೇ. ಕಕ್ಕಸಿನ ದಾರಿಯಲ್ಲಿ ಕಂಬ ನೋಟುಬುಕ್ಕು ಹಿಡಿದು ಕಾವಲು ಕೂತ. ಯಾರು ಹೆಚ್ಚು ಸಲ ಹೋಗುತ್ತಾರೋ ಅವರೇ ಅಪರಾಧಿ. ಡಾಕ್ಟರಿಗೆ ಎದೆ ಧಸಕ್ಕೆಂದಿತು. ಆದರೆ ಎದೆಯ ಮಾತನ್ನು ಹೊಟ್ಟೆ ಕೇಳಬೇಕಲ್ಲ! ಕೊರಳಿಗೆ ಸ್ಟೆತಾಸ್ಕೋಪು ಹಾಕಿಕೊಂಡು, ಹಲ್ಲು ಕಚ್ಚಿಕೊಂಡು, ಆದಷ್ಟೂ ಗಂಭೀರವಾಗಿ ನಡೆದರು.

"ಸಾರ್?"

"ಶುಚಿತ್ವದ ತಪಾಸಣೆ."

ಕಂಬ ಎದ್ದು ನಿಂತು ದಾರಿ ಬಿಟ್ಟ. ಅರ್ಧ ಗಂಟೆಗೆ ಮತ್ತೆ ತಪಾಸಣೆ. ಆಮೇಲೆ ಮತ್ತೊಂದು. ಐದನೆಯ ಸಲ ಡಾಕ್ಟರು ಓಡುತ್ತಲೇ ಬಂದಾಗ ಕಂಬನ ಕಣ್ಣು ತೇವವಾಗಿತ್ತು. "ಈ ವಯಸ್ಸಲ್ಲೂ ನಮಗೋಸ್ಕರ ಎಷ್ಟು ಒದ್ದಾಡ್ತೀರಿ ಸಾರ್!" ಎಂದ. ಡಾಕ್ಟರು ಆಗಲೇ ಅವನನ್ನು ದಾಟಿ ಓಡಿಯಾಗಿತ್ತು.

ಮೂರು ಗಂಟೆಗೆ ಹೊರಬಂದಾಗ, ಗೋಡೆಗೆ ಒರಗಿಸಿಟ್ಟ ತಗಡುಗಳ ಪಕ್ಕ ಪಟಾಕಿ ಕೂತು ಅಳುತ್ತಿದ್ದಳು. ಅಂಗೈ ತುಂಬ ಬೊಬ್ಬೆ. ಹದಿಮೂರು ದಿನ ಕಲ್ಲು ಹೊತ್ತ ಕೈ ಅದು. ಡಾಕ್ಟರಿಗೆ ಕರುಳು ಚುರುಕ್ಕೆಂದಿತು. ಮೂರು ಬೊಗಸೆ ನೀರಿಗಾಗಿ ಇವರ ದುಡಿಮೆಯನ್ನೆಲ್ಲ ಮಣ್ಣುಪಾಲು ಮಾಡಲೇ ಎಂದು ತಮ್ಮ ಮೇಲೆಯೇ ನಾಚಿಕೆಯಾಯಿತು. ನೇರ ಹೋಗಿ ಸೀಟಿ ಮೇಡಂ ಕೈಯಿಂದ ಫೋನು ತೆಗೆದುಕೊಂಡರು. ಎಲ್ಲರನ್ನೂ ಕರೆದು ನಿಲ್ಲಿಸಿ, ತಾಯಂದಿರಿಗೆ ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಆ ಒಬ್ಬರು ನಾನೇ. ಕುದಿಸದ ತೊರೆ ನೀರು ಕುಡಿದೆ. ಮಕ್ಕಳೆಲ್ಲ ಚೆನ್ನಾಗಿದ್ದಾರೆ. ತಪ್ಪಾಯಿತು."

ಕಂಬ ನೋಟುಬುಕ್ಕು ತೆರೆದು, "ತಪಾಸಣೆ ಐದು..." ಎಂದು ಮೆಲ್ಲಗೆ ಓದಿದ. ಹದಿನೆಂಟು ಜನವೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಟಾಕಿ ಒಂದು ಲೋಟ ಬಿಸಿನೀರು ತಂದು, ಡಾಕ್ಟರು ಕೊನೆಯ ಗುಟುಕು ನುಂಗುವವರೆಗೂ ಎದುರಿಗೇ ನಿಂತಳು. ಹನ್ನೆರಡು ದಿನ ಕೂಡಿಸಿದ ಮರ್ಯಾದೆ ಅರ್ಧ ನಿಮಿಷದಲ್ಲಿ ಹರಾಜಾಯಿತು. ಹೋದರೆ ಹೋಗಲಿ, ಚಾವಣಿಯಾದರೂ ಉಳಿಯಿತು ಎಂದುಕೊಂಡರು.

ನಾಲ್ಕು ಗಂಟೆಗೆ ಸೀಟಿ ಮೇಡಂ ತಾಯಂದಿರ ಉತ್ತರ ಓದಿದರು. ಓದುತ್ತ ಓದುತ್ತ ಅವರ ಧ್ವನಿ ಇಳಿಯಿತು.

"'ಎಂಥ ದೊಡ್ಡ ಮನಸ್ಸು! ಯಾವುದೋ ಮಗುವಿನ ಮಾನ ಉಳಿಸೋಕೆ ಡಾಕ್ಟ್ರು ತಪ್ಪನ್ನ ತಮ್ಮ ಮೇಲೆ ಹಾಕ್ಕೊಂಡಿದಾರೆ. ಅಷ್ಟು ಮಾಡ್ಬೇಕಾದ್ರೆ ಆ ಮಗು ಸ್ಥಿತಿ ಹೇಗಿರ್ಬೇಡ! ನಮ್ಮ ಮಕ್ಕಳನ್ನ ಕೂಡ್ಲೇ ಕಳಿಸಿ.' ಹದಿನೆಂಟು ಜನದ್ದೂ ಒಂದೇ ಮಾತು ಡಾಕ್ಟ್ರೇ. ಬೆಳಿಗ್ಗೆ ಆರಕ್ಕೆ ಬಸ್ಸು."

"ಅಯ್ಯೋ, ನಾನೇ ಕಣ್ರೀ ರೋಗಿ!"

"ನಾವು ನಂಬಿದೀವಿ. ಅವ್ರು ನಂಬಬೇಕಲ್ಲ? ಅವ್ರು ನಂಬೋ ಅಂಥವರು ಯಾರಾದ್ರೂ ಹೇಳ್ಬೇಕು."

ಡಾಕ್ಟರಿಗೆ ತಟ್ಟನೆ ಹೆಂಡತಿಯ ನೆನಪಾಯಿತು. ತಂಡದವರ ಮನೆಯವರೆಂದು ತಾಯಂದಿರು ಆಕೆಯನ್ನೂ ಆ ಗುಂಪಿಗೆ ಸೇರಿಸಿಕೊಂಡಿದ್ದರು. ಇಪ್ಪತ್ತೊಂಬತ್ತು ವರ್ಷದಿಂದ ಈ ಹೊಟ್ಟೆಯ ಯೋಗ್ಯತೆ ಬಲ್ಲವರು ಆಕೆಯಲ್ಲದೆ ಇನ್ಯಾರು? ಕೂಡಲೇ ಫೋನು ಮಾಡಿದರು.

"ಎಲ್ಲಾ ಓದಿದೆ ರೀ," ಎಂದರು ಹೆಂಡತಿ.

"ಓದಿದ್ಯಾ? ಹಾಗಾದ್ರೆ ನನ್ನ ಹೊಟ್ಟೆ ವಿಷ್ಯ ಅಲ್ಲಿ ಒಂದು ಮಾತು ಹಾಕು, ಪುಣ್ಯ ಬರುತ್ತೆ."

"ಆಗ್ಲೇ ಹಾಕಿದೀನಿ."

ಡಾಕ್ಟರು ನೀಳವಾಗಿ ಉಸಿರುಬಿಟ್ಟರು. "ಬದುಕಿಸಿದೆ! ಏನಂತ ಹಾಕಿದೆ?"

"ನಮ್ಮೆಜಮಾನ್ರಿಗೆ ಹೊಟ್ಟೆ ಕೆಟ್ಟಿರೋಕೆ ಸಾಧ್ಯವೇ ಇಲ್ಲ ಅಂತ. ಒಂದು ಸೀನು ಬಂದ್ರೆ ಇಡೀ ಬೀದಿ ಎಬ್ಬಿಸೋರು ನೀವು. ಹೊಟ್ಟೆ ಕೆಟ್ಟು ಬೆಳಗಿಂದ ಸಂಜೆವರೆಗೂ ಬಾಯಿ ಮುಚ್ಕೊಂಡಿರ್ತೀರಾ? ನನಗೆ ಗೊತ್ತಿಲ್ವಾ? ಯಾರದೋ ಮಗುಗೋಸ್ಕರ ಇಷ್ಟೆಲ್ಲ ಮಾಡಿದ್ರಲ್ಲ... ಮದುವೆಯಾದಾಗಿಂದ ಇದೇ ಮೊದಲು ರೀ, ನಿಮ್ಮ ಹೆಂಡ್ತಿ ಅಂತ ಹೇಳ್ಕೊಳ್ಳೋಕೆ ಹೆಮ್ಮೆ ಆಗಿದ್ದು."

ಹೊರಗೆ ಸೀಟಿ ಕೇಳಿಸಿತು. ಹುಡುಗರು ತಗಡುಗಳನ್ನು ಬಿಟ್ಟು ಗಂಟುಮೂಟೆ ಕಟ್ಟಲು ಹೊರಟಿದ್ದರು. ಡಾಕ್ಟರು "ಅಲ್ಲ ಕಣೇ, ನಿಜವಾಗ್ಲೂ ನಾನೇ" ಎನ್ನಲು ಬಾಯಿ ತೆರೆದರು. ಮಾತು ನಾಲಿಗೆಯ ತುದಿಯವರೆಗೂ ಬಂದು ನಿಂತಿತು. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದರು.

"ಹಲೋ? ಲೈನು ಸರಿ ಇಲ್ಲ ಕಣೇ," ಎಂದರು. "ಆ ಕೊನೇ ಮಾತು ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."