ಡಾಕ್ಟರು, ನಾನು ಮತ್ತು ಅರ್ಧ ಮೈಲಿ ದೂರದ ತಗಡು

ಬಂದೂಕಿನ ಸ್ಪರ್ಧೆ ಬಹಳ ಗಂಭೀರವಾದ ಆಟ ಎನ್ನುತ್ತಾರೆ. ಇರಬಹುದು. ಆದರೆ ನಾನೂ ನಮ್ಮ ಡಾಕ್ಟರೂ ಜೋಡಿಯಾಗಿ ಹೋದ ಕಡೆಯೆಲ್ಲ ನಾನು ಬಾಯಿ ತೆರೆದುಕೊಂಡು ನಿಲ್ಲುವಂಥದ್ದೇ ನಡೆಯುತ್ತದೆ.

ನಾನಿರುವುದು ಅಮೆರಿಕದ ಡೌನರ್ಸ್ ಗ್ರೋವ್ ಎಂಬ ಊರಿನಲ್ಲಿ. ಡಾಕ್ಟರು ಆನ್ ಆರ್ಬರ್‌ನಲ್ಲಿ ಅರಿವಳಿಕೆ ತಜ್ಞರು, ಧಾರವಾಡದ ಕಡೆಯವರು. ಆಟ ಇಷ್ಟೇ: ಹೊಲದಲ್ಲಿ ಅಲ್ಲಲ್ಲಿ ಉಕ್ಕಿನ ತಗಡು ನೆಟ್ಟಿರುತ್ತಾರೆ, ಕೆಲವು ಅರ್ಧ ಮೈಲಿ ದೂರ. ಒಬ್ಬ ಹೊಡೆಯಬೇಕು, ಇನ್ನೊಬ್ಬ ದುರ್ಬೀನಿನಲ್ಲಿ ನೋಡಿ ಗಾಳಿ ಹೇಳಬೇಕು, ಅಂದರೆ ಗಾಳಿ ಎತ್ತಣಿಂದ, ಗುರಿ ಎತ್ತ ಹಿಡಿಯಬೇಕು ಎಂದು. ಎರಡು ಸಲ ಹೋಗಿ ಎರಡು ಸಲವೂ ನಾವೇ ಕೊನೆ.

ಈ ಸಲ ಹೊರಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಅವಳು ಭಾನುವಾರ ಆನ್‌ಲೈನ್‌ನಲ್ಲಿ ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. "ಮತ್ತೆ ಕೊನೆ ಬಂದ್ರೆ ಬಂದೂಕು ಮಾರಿ, ನನ್ನ ಕ್ಲಾಸಿಗೆ ಅಸಿಸ್ಟೆಂಟ್ ಆಗ್ಬೇಕು. ಪ್ರಾಮಿಸ್?"

"ಪ್ರಾಮಿಸ್. ಆದ್ರೆ ನಿನ್ನ ಕ್ಲಾಸಿಂದ ಒಬ್ರಾದ್ರೂ ಕನ್ನಡ ಕಲಿತಿದಾರಾ?" ಎಂದೆ. ಅವಳ ಮುಖ ಸಣ್ಣಗಾಯಿತು. ಅನ್ನಬಾರದಿತ್ತು.

೧. ಆಯುಧ ಪೂಜೆ

ಮೊದಲ ಗುಂಡು ತಗಡಿಗಿಂತ ಎಷ್ಟೋ ಮುಂಚೆ ಮಣ್ಣು ಹಾರಿಸಿತು. ಎರಡನೆಯದೂ ಅಲ್ಲೇ. ಬಂದೂಕಿನ ಮೇಲಿನ ದುರ್ಬೀನು ನೋಡಿದರೆ, ದೂರ ಹೊಂದಿಸುವ ತಿರುಗಣಿಯ ನೆತ್ತಿಯಲ್ಲಿ ದುಂಡಗೆ ಕುಂಕುಮ. ಹಿಂದಿನ ವಾರ ಆಯುಧ ಪೂಜೆ, ಮೈಸೂರಿನಿಂದ ಅತ್ತೆ ಬಂದಿದ್ದರು. ಫೋನ್ ಮಾಡಿದೆ.

"ಅತ್ತೆ, ಆ ಗುಂಡಿ ತಿರುಗಿಸಿದ್ರಾ?"

"ಹೂಂ ಕಣಪ್ಪಾ. ನಿನ್ನ ಬಂದೂಕಿನ ಸುತ್ತ ಪ್ರದಕ್ಷಿಣೆ ಹಾಕೋಣ ಅಂದ್ರೆ ಮಂಡಿನೋವು. ಅದನ್ನೇ ಮೂರು ಸುತ್ತು ತಿರುಗಿಸಿ ಕೈಮುಗಿದೆ."

೨. ಉಸಿರು

ಕುಂಕುಮ ಒರೆಸಿ, ತಿರುಗಣಿ ಸರಿಮಾಡಿ ಮುಂದಿನ ಸುತ್ತಿಗೆ ಬಂದೂಕು ಹಿಡಿದು ಹೊಟ್ಟೆಯ ಮೇಲೆ ಮಲಗಿದೆ. ಐದು ತಗಡು, ಎರಡು ನಿಮಿಷ. ಅತ್ತೆಯ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಡಾಕ್ಟರು ಕಿವಿಯ ಹತ್ತಿರ ಬಂದು ಮೆಲ್ಲಗೆ ಶುರುಮಾಡಿದರು.

"ಉಸಿರು ಒಳಗ ತಗೋರಿ... ಹಗೂರಕ ಬಿಡ್ರಿ... ಏನೂ ಆಗೂದಿಲ್ಲ, ನಾ ಇದ್ದೀನಿ... ಹತ್ತರಿಂದ ಕೆಳಗ ಎಣಸ್ರಿ..."

ಬಿಸಿಲು ಹಿತವಾಗಿತ್ತು, ಹುಲ್ಲು ಮೆತ್ತಗಿತ್ತು. ಏಳರವರೆಗೆ ಎಣಿಸಿದ ನೆನಪಿದೆ. ಆಮೇಲೆ ಕೇಳಿಸಿದ್ದು ಸಮಯ ಮುಗಿದ ಸೀಟಿ. ಒಂದೇ ಒಂದು ಗುಂಡು ಹಾರಿಸಿರಲಿಲ್ಲ.

"ಎಬ್ಬಿಸಬಾರದಾ ಡಾಕ್ಟ್ರೇ!" ಎಂದು ಕೂಗಾಡಿದೆ.

"ಇಪ್ಪತ್ತು ವರ್ಷದಾಗ ಈ ಮಾತಿಗೆ ಎಚ್ಚರ ಉಳದವ್ರು ಒಬ್ರೂ ಇಲ್ರಿ," ಎಂದರು ಡಾಕ್ಟರು. "ಮತ್ತ ಎಬ್ಬಸೂದು ನನಗ ರೂಢಿ ಇಲ್ಲ."

೩. ಗುಪ್ತ ಭಾಷೆ

ಕೊನೆಯ ಸುತ್ತಿನ ಹೊತ್ತಿಗೆ ನಮ್ಮಷ್ಟೇ ಹಿಂದುಳಿದ ತಂಡ ಒಂದೇ ಇತ್ತು: ದೊಡ್ಡ ಟೋಪಿ, ಕಪ್ಪು ಕನ್ನಡಕದ ಒಬ್ಬ ಹುಡುಗಿ, ಜೊತೆಗೊಬ್ಬ ಎತ್ತರದ ಅಮೆರಿಕನ್. ಅವರ ಸರದಿ ನಮ್ಮ ಬೆನ್ನಿಗೇ. ನಾವು ಗಾಳಿ ಹೇಳಿಕೊಂಡರೆ ಅವರಿಗೂ ಕೇಳಿಸುತ್ತದೆ.

"ಕನ್ನಡದಾಗ ಒದರೂಣು. ಇಲ್ಲಿ ಯಾರಿಗೆ ತಿಳೀತೈತಿ?" ಎಂದರು ಡಾಕ್ಟರು. ಇಂಥ ಉಪಾಯ ಮೊದಲೇ ಹೊಳೆಯಲಿಲ್ಲವಲ್ಲ ಅನ್ನಿಸಿತು. ಕಿವಿಗೆ ರಕ್ಷಣೆ ಬೇರೆ ಹಾಕಿದ್ದೆವು, ಹೊಲಕ್ಕೆಲ್ಲ ಕೇಳುವಂತೆ ಕೂಗಿದೆವು. ಗಾಳಿ ಎಡದಿಂದ, ಎಡಕ್ಕೆ ಹಿಡೀರಿ, ಇನ್ನೂ ಚೂರು ಮೇಲೆ! ನಡುವೆ ಹರಟೆಯೂ ನಡೆಯಿತು.

"ಹಿಂದಿನ ಹುಡುಗಿ ನೋಡ್ರಿ, ಬಂದೂಕು ಒನಕಿ ಹಿಡದಂಗ ಹಿಡದಾಳ."

"ಕೊನೆ ಬಂದ್ರೂ ನಾನು ಮನೇಲಿ ನಾಲ್ಕನೇ ಸ್ಥಾನ ಅಂತೀನಿ ಡಾಕ್ಟ್ರೇ. ಯಾರು ನೋಡೋಕೆ ಬರ್ತಾರೆ?"

ಐದಕ್ಕೆ ಮೂರು ಹೊಡೆದೆ. ಆ ಹುಡುಗಿ ನಾಲ್ಕು ಹೊಡೆದಳು. ಮತ್ತೆ ನಾವೇ ಕೊನೆ. ಹೊರಡುವಾಗ ಅವಳು ಹತ್ತಿರ ಬಂದು, "ಥ್ಯಾಂಕ್ಸ್ ಅಂಕಲ್, ಯೂ ಸೇವ್ಡ್ ಮೈ ಹೋಂವರ್ಕ್," ಎಂದು ಕೈ ಬೀಸಿ ಹೋದಳು. ಅಂಕಲ್ ಎಂದಾಗಲೂ ನಮಗೆ ಏನೂ ಹೊಳೆಯಲಿಲ್ಲ.

"ಎಂಜಿನಿಯರಿಂಗ್ ಓದತಿರಬೇಕು," ಎಂದರು ಡಾಕ್ಟರು.

ನಾಲ್ಕು ಗಂಟೆ ಡ್ರೈವ್ ಮಾಡಿ ಮನೆ ಸೇರಿದೆ. ಶೂ ಬಿಚ್ಚುವ ಮೊದಲೇ, "ನಾಲ್ಕನೇ ಸ್ಥಾನ!" ಎಂದೆ.

ಹೆಂಡತಿ ಆಗಷ್ಟೇ ಪ್ರಿಂಟ್ ಮಾಡಿದ ಒಂದು ಕಾಗದ ಓದುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು.

"ಇಬ್ರು ಕನ್ನಡದವರ ಮಾತು ಕೇಳಿಸ್ಕೊಂಡು ಹತ್ತು ವಾಕ್ಯ ಬರೀರಿ ಅಂತ ಹೋಂವರ್ಕ್ ಕೊಟ್ಟಿದ್ದೆ. ಡೆಟ್ರಾಯಿಟ್ ಕಡೆ ಹುಡುಗಿ ಒಬ್ಳು ಈಗ ತಾನೇ ಕಳಿಸಿದಾಳೆ. ಕೇಳಿ." ಓದತೊಡಗಿದಳು. "ನಾಲ್ಕು. ಹುಡುಗಿ ಬಂದೂಕನ್ನು ಒನಕೆಯಂತೆ ಹಿಡಿದಿದ್ದಾಳೆ ಎಂದು ಡಾಕ್ಟರ್ ಅಂಕಲ್ ಹೇಳಿದರು. ಆ ಹುಡುಗಿ ನಾನು. ಏಳು. ಅಂಕಲ್ ಗಾಳಿ ಎಡದಿಂದ ಎಂದರು. ನಾನೂ ಎಡಕ್ಕೆ ಹಿಡಿದೆ. ಒಂಬತ್ತು. ಅಂಕಲ್ ಕೊನೆ ಬಂದರು."

ನಾನು ಬಿಚ್ಚಿದ ಒಂದು ಶೂ ಮತ್ತೆ ಹಾಕಿಕೊಳ್ಳತೊಡಗಿದೆ.

"ಹತ್ತು. ಅಂಕಲ್ ಮನೆಯಲ್ಲಿ ನಾಲ್ಕನೇ ಸ್ಥಾನ ಎಂದು ಹೇಳುತ್ತಾರೆ."

ಕಾಗದ ಮಡಿಸಿ, ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. "ನನ್ನ ಕ್ಲಾಸಿಂದ ಯಾರೂ ಕಲಿತಿಲ್ಲ ಅಂದ್ರಲ್ಲಾ? ನೀವೇ ತಿದ್ದಿ, ಅಸಿಸ್ಟೆಂಟ್ ಸಾಹೇಬ್ರೇ. ಒಂದು ತಪ್ಪು ತೋರಿಸಿ ನೋಡೋಣ."